ಕೀನ್ಯಾಕ್ಕೆ ಬಾಣಂತನ ಮಾಡಲು

ಓದುಗರ ಪತ್ರ: ನಾನು ಸರಸ್ವತಿಪುರಂನವಳು. ನರ್ಸಿಂಗ್ ಮುಗಿಸಿ ಎರಡು ವರ್ಷವಾಯಿತು. ಕೀನ್ಯಾದಲ್ಲಿ ಹದಿಹರೆಯದ ತಾಯಂದಿರೂ ಅವರ ಕೂಸುಗಳೂ ಇರುವ ಒಂದು ಆಶ್ರಯಮನೆಯಲ್ಲಿ ಆರು ವಾರ ಸ್ವಯಂಸೇವೆ ಮಾಡುವ ಅವಕಾಶವಿದೆ. ಏಜೆನ್ಸಿಯವರು ಒಂದೂವರೆ ಲಕ್ಷ ಕೇಳುತ್ತಿದ್ದಾರೆ. ಅಪ್ಪ ‘ಇಲ್ಲೇ ಕೆಲಸ ಇಲ್ವಾ?’ ಅನ್ನುತ್ತಾರೆ. ಹೋಗಲೇ?
– ಹೆಸರು ಬೇಡ, ಮೈಸೂರು

ಸಂಪಾದಕರ ಉತ್ತರ: ನೀವು ಜೊತೆಗೆ ಕಳಿಸಿದ ಕರಪತ್ರ ನೋಡಿದೆ. ಎಂಟು ಫೋಟೊ. ಎಂಟರಲ್ಲೂ ಹೊರಗಿನಿಂದ ಬಂದವರು ಕೂಸನ್ನು ಎತ್ತಿಕೊಂಡು ನಗುತ್ತಿದ್ದಾರೆ. ಹೆತ್ತ ಹುಡುಗಿ ಒಂದರಲ್ಲೂ ಇಲ್ಲ. ನನಗೆ ಅಲ್ಲೇ ಅನುಮಾನ ಬಂತು.

ನನ್ನ ಚೊಚ್ಚಲ ಹೆರಿಗೆಗೆ ಮದ್ದೂರಿನ ಹತ್ತಿರದ ತವರಿಗೆ ಹೋಗಿದ್ದೆ. ಅವ್ವ ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ ಮಾಡಿ ಹಾಕುತ್ತಿದ್ದಳು. ಅಜ್ಜಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. ಒಂದು ದಿನ ಇದ್ದಕ್ಕಿದ್ದಂತೆ ‘ಇವತ್ತು ನೀನೇ ಹಾಕು’ ಅಂತ ಚೊಂಬು ಕೈಗೆ ಕೊಟ್ಟಳು. ನನಗಾಗ ಇಪ್ಪತ್ತಮೂರು. ಆದರೂ ಕೈ ನಡುಗಿತು. ಅಜ್ಜಿ ಪಕ್ಕದಲ್ಲೇ ಕೂತಿದ್ದಳು, ಕೈ ಹಾಕಲಿಲ್ಲ.

ಹದಿನಾರರ ಹುಡುಗಿ ಬಸುರಿಯಾದರೆ ಎಷ್ಟೋ ಸಲ ಮೊದಲು ಕೈತಪ್ಪುವುದು ಈ ತವರೇ. ಅದು ನೈರೋಬಿಯಾಗಲಿ, ನಂಜನಗೂಡಾಗಲಿ. ಅವಳಿಗೆ ಹೊತ್ತಿಗೆ ಊಟ ಬೇಕು, ನಿದ್ದೆ ಬೇಕು, ಬೈಯದೆ ಹೇಳಿಕೊಡುವ ಹಿರಿಯಳೊಬ್ಬಳು ಬೇಕು. ಕೂಸನ್ನು ಆರು ವಾರ ನೀವು ಎತ್ತಿ ಆಡಿಸಿದಿರಿ, ಏಳನೇ ವಾರ ಇನ್ಯಾರೋ ಬಂದರು ಅನ್ನಿ. ಹೀಗೆ ಕೈ ಬದಲಾಗುತ್ತಿದ್ದರೆ ಕೂಸಿಗೆ ಒಳ್ಳೆಯದಲ್ಲ. ‘ನನಗಿಂತ ಇವರೇ ಚೆನ್ನಾಗಿ ನೋಡ್ಕೋತಾರೆ’ ಅಂತ ಹೆತ್ತವಳಿಗೆ ಅನ್ನಿಸಿಬಿಟ್ಟರಂತೂ ಇನ್ನೂ ಕಷ್ಟ.

ಚಿಕ್ಕ ವಯಸ್ಸಿನ ತಾಯಂದಿರಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗುವುದು, ಕೂಸಿನ ತೂಕ ಕಮ್ಮಿ ಇರುವುದು ಜಾಸ್ತಿ ಅಂತ ನೀವೇ ಓದಿರುತ್ತೀರಿ. ಕಾಂಗರೂ ಆರೈಕೆಯನ್ನೂ ಕಲಿತಿರುತ್ತೀರಿ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಹೋದಾಗ ವೈದ್ಯರು ಶುರುಮಾಡಿದ ಉಪಾಯ ಅದು. ಅದರಲ್ಲಿ ಕೂಸನ್ನು ಬೆಚ್ಚಗಿಡಲು ಮೈಗೆ ಮೈ ತಾಗುವಂತೆ ಕಟ್ಟುವುದು ತಾಯಿಯ ಎದೆಗೆ. ನರ್ಸ್ ಪಕ್ಕದಲ್ಲಿ ನಿಂತು ಬಟ್ಟೆಯ ಗಂಟು ಸರಿಮಾಡುತ್ತಾಳೆ, ಅಷ್ಟೇ. ನಮ್ಮಜ್ಜಿಯ ಚೊಂಬಿನ ಕಥೆಯೇ ಅಲ್ವಾ?

ಆದರೆ ಇದನ್ನು ಕಲಿಸಲು ಮಾತು ಬೇಕು. ಎದೆಹಾಲು ಕಟ್ಟಿ ಜ್ವರ ಬಂದ ಹುಡುಗಿ ನಡುರಾತ್ರಿ ಸ್ವಾಹಿಲಿಯಲ್ಲಿ ಅಳುತ್ತಾಳೆ. ನೀವೇನು ಹೇಳುತ್ತೀರಿ? ಇನ್ನೊಂದು ವಿಷಯ: ಇಲ್ಲಿಯ ನರ್ಸಿಂಗ್ ನೋಂದಣಿ ಅಲ್ಲಿ ನಡೆಯುವುದಿಲ್ಲ, ಅಲ್ಲಿಯ ಕೌನ್ಸಿಲ್‌ನ ಲೈಸೆನ್ಸ್ ಬೇಕು. ಪ್ರವಾಸಿಯಾಗಿ ಹೋಗಿ ಸೇವೆ ಮಾಡಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಯೆಲ್ಲೋ ಫೀವರ್ ಲಸಿಕೆಯನ್ನು ಹೊರಡುವ ಹತ್ತು ದಿನ ಮೊದಲೇ ಹಾಕಿಸಿಕೊಳ್ಳಬೇಕು. ಆ ಸರ್ಟಿಫಿಕೇಟ್ ಇಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ.

ನಿಮ್ಮ ಅಪ್ಪ ಹೇಳಿದ್ದು ಅರ್ಧ ಸರಿ. ರಾಜ್ಯದ ಮೊದಲ ಅಂಗನವಾಡಿಗಳು 1975ರಲ್ಲಿ ಶುರುವಾಗಿದ್ದು ನಮ್ಮ ಟಿ. ನರಸೀಪುರದಲ್ಲೇ. ಇಷ್ಟು ವರ್ಷವಾದರೂ ಹದಿನೆಂಟು ತುಂಬದ ಬಸುರಿಯರು ಇಲ್ಲೂ ಇದ್ದಾರೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ ಪ್ರಕಾರ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು. ಹುಡುಗಿಯ ರಕ್ಷಣೆಗೆ ಮಾಡಿದ ನಿಯಮ, ನಾನು ಬೇಡ ಅನ್ನುವುದಿಲ್ಲ. ಆದರೆ ಕೇಸಿನ ಹೆದರಿಕೆಗೆ ಮನೆಯವರು ಹತ್ತೊಂಬತ್ತು ಅಂತ ವಯಸ್ಸು ಬರೆಸುತ್ತಾರೆ. ಇಲ್ಲವೇ ತಾಯಿ ಕಾರ್ಡನ್ನೇ ಮಾಡಿಸದೆ, ನೋವು ಬಂದ ಮೇಲೆ ಓಡಿ ಬರುತ್ತಾರೆ. ಅಂಥ ಹುಡುಗಿಯ ಹತ್ತಿರ ಕನ್ನಡದಲ್ಲಿ ಮಾತಾಡಿ ಹೆದರಿಕೆ ಕಳೆಯಲು ನಿಮಗೆ ವೀಸಾ ಬೇಡ.

ಹಾಗಂತ ವಿದೇಶಕ್ಕೆ ಹೋಗಲೇಬೇಡಿ ಅನ್ನುತ್ತಿಲ್ಲ. ಕಲಿಯುವುದು ಅಲ್ಲಿಯೂ ಇದೆ. ಹೆತ್ತ ಹುಡುಗಿ ಮತ್ತೆ ಶಾಲೆಗೆ ಬರಬಹುದು ಅಂತ ಕೀನ್ಯಾ 1994ರಲ್ಲೇ ನೀತಿ ಮಾಡಿತು. ಪಕ್ಕದ ಟಾಂಜಾನಿಯಾ ಆ ಬಾಗಿಲು ತೆರೆದಿದ್ದು 2021ರಲ್ಲಿ. ಅಲ್ಲಿಯ ಹಿರಿಯ ದಾದಿಯರ ಕೈಕೆಳಗೆ ಕನಿಷ್ಠ ಆರು ತಿಂಗಳು ಇರುವುದಾದರೆ, ಸ್ವಲ್ಪ ಸ್ವಾಹಿಲಿ ಕಲಿತು, ಖಂಡಿತ ಹೋಗಿ. ಈ ಆರು ವಾರದ ಒಂದೂವರೆ ಲಕ್ಷ ಮಾತ್ರ ಬೇಡ.

ಏಜೆನ್ಸಿಗೆ ಒಂದು ಪತ್ರ ಬರೆದು ನೋಡಿ. ನನ್ನ ದುಡ್ಡಿನಲ್ಲಿ ಆಶ್ರಯಮನೆಗೆ ಎಷ್ಟು ಹೋಗುತ್ತದೆ? ಕಳೆದ ವರ್ಷ ಎಷ್ಟು ಹುಡುಗಿಯರು ಶಾಲೆಗೆ ವಾಪಸಾದರು, ಅವರು ಕ್ಲಾಸಿನಲ್ಲಿದ್ದಾಗ ಕೂಸನ್ನು ಯಾರು ನೋಡಿಕೊಂಡರು? ಕರಪತ್ರ ನನ್ನ ಮೇಜಿನ ಮೇಲೇ ಇದೆ. ಅವರ ಉತ್ತರ ಬಂದರೆ ತೆಗೆದುಕೊಂಡು ಕಚೇರಿಗೆ ಬನ್ನಿ, ಎರಡನ್ನೂ ಪಕ್ಕದಲ್ಲಿಟ್ಟು ಓದೋಣ. ಅಪ್ಪನನ್ನೂ ಕರೆದುಕೊಂಡು ಬನ್ನಿ.