ರೂಟ್ ಕೆನಾಲ್ ದಿನ ಬರುವವರೆಗೆ ತೀವ್ರ ಹಲ್ಲುನೋವನ್ನು ತಾಳಿಕೊಳ್ಳುವುದು ಹೇಗೆ?

ನಿಮ್ಮ ಕೆಳದವಡೆಯ ಹಲ್ಲು ಹುಳುಕಾಗಿದೆ. ರೂಟ್ ಕೆನಾಲ್ ತಜ್ಞರು ನಿಮ್ಮ ಊರಿನ ಕ್ಲಿನಿಕ್ಕಿಗೆ ವಾರಕ್ಕೊಮ್ಮೆ ಮಾತ್ರ ಬರುವುದರಿಂದ ಮುಂದಿನ ವಾರದ ದಿನ ಸಿಕ್ಕಿದೆ, ಅಷ್ಟರಲ್ಲಿ ರಾತ್ರಿಯ ನಿದ್ದೆ ಪೂರ್ತಿ ಹೋಗಿದೆ. ಮನೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್ ತೆಗೆದುಕೊಳ್ಳಬಹುದೇ, ಲವಂಗದ ಎಣ್ಣೆಯಿಂದ ಉಪಯೋಗವಿದೆಯೇ, ನೋವಿನ ಮಾತ್ರೆಯನ್ನು ಎಷ್ಟು ದಿನ ನುಂಗಬಹುದು ಎಂದು ಕೇಳಿದ್ದೀರಿ. ನಾನು ದಂತವೈದ್ಯನಲ್ಲ, ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಔಷಧದ ಅಂಗಡಿ ನಡೆಸುವ ಫಾರ್ಮಸಿಸ್ಟ್. ಕೆನ್ನೆಗೆ ಕೈಯೊತ್ತಿಕೊಂಡು ಅಂಗಡಿಯ ಮುಂದೆ ನಿಲ್ಲುವವರನ್ನು ವರ್ಷಗಳಿಂದ ನೋಡುತ್ತಾ ಬಂದಿರುವುದರಿಂದಲೂ, ಅವರಲ್ಲಿ ಬಹಳ ಮಂದಿ ಅನಗತ್ಯವಾಗಿ ನರಳುತ್ತಾರೆ ಎಂಬುದು ನನಗೆ ಖಚಿತವಾಗಿರುವುದರಿಂದಲೂ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಈ ನೋವು ಹುಟ್ಟುವ ಬಗೆಯನ್ನು ಮೊದಲು ಹೇಳುತ್ತೇನೆ, ಏಕೆಂದರೆ ಮುಂದಿನ ಮಾತುಗಳೆಲ್ಲ ಅದನ್ನೇ ಅವಲಂಬಿಸಿವೆ. ಹಲ್ಲಿನ ನಡುವೆ ನರ ಮತ್ತು ರಕ್ತನಾಳಗಳಿರುವ ಮೃದುವಾದ ತಿರುಳು ಇರುತ್ತದೆ. ಬೆರಳಿಗೆ ಮುಳ್ಳು ಚುಚ್ಚಿ ಊದಿಕೊಂಡರೆ ಚರ್ಮ ಹಿಗ್ಗಿ ಆ ಊತಕ್ಕೆ ಜಾಗ ಕೊಡುತ್ತದೆ. ಹಲ್ಲಿನ ತಿರುಳಿಗಾದರೆ ಸುತ್ತಲೂ ಗಟ್ಟಿ ಗೋಡೆ, ಹಿಗ್ಗಲು ಎಳ್ಳಷ್ಟೂ ಸ್ಥಳವಿಲ್ಲ. ಹುಳುಕು ಒಳಗೆ ಇಳಿದು ತಿರುಳಿಗೆ ಉರಿಯೂತವಾದಾಗ ಒಳಗಿನ ಒತ್ತಡ ಏರುತ್ತದೆ, ಅದೇ ಒತ್ತಡ ನರದ ಮೇಲೆ ಬೀಳುತ್ತದೆ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಇನ್ನಷ್ಟು ಹೆಚ್ಚುವುದರಿಂದ ಹಗಲೆಲ್ಲ ಹೇಗೋ ಕಳೆದವರು ರಾತ್ರಿ ಎದ್ದು ಕೂರುತ್ತಾರೆ. ಬಿಸಿ ಕಾಫಿ ತಾಗಿದ ಕೂಡಲೇ ಸಿಡಿತ ಹೆಚ್ಚಾಗಿ ಎಷ್ಟೋ ಹೊತ್ತು ಉಳಿಯುವುದು, ಏನೂ ತಾಗದಿದ್ದರೂ ತಾನಾಗಿ ನೋವು ಏಳುವುದು, ತಣ್ಣೀರು ಬಾಯಲ್ಲಿಟ್ಟುಕೊಂಡಾಗ ಮಾತ್ರ ಸ್ವಲ್ಪ ಸಮಾಧಾನವಾಗುವುದು, ಇವೆಲ್ಲ ತಿರುಳು ಮತ್ತೆ ಸುಧಾರಿಸಿಕೊಳ್ಳಲಾರದ ಹಂತಕ್ಕೆ ಬಂದಿರುವುದರ ಸೂಚನೆಗಳು.

ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಪ್ರಶ್ನೆಗೇ ನಾನು ಮೊದಲು ಉತ್ತರಿಸಬೇಕಾಗಿದೆ. ರೂಟ್ ಕೆನಾಲ್ ಮುಗಿಯುವುದಕ್ಕೂ ನೋವು ಇಳಿಯುವುದಕ್ಕೂ ಒಂದೇ ದಿನವನ್ನು ಕಾಯಬೇಕಾಗಿಲ್ಲ. ಹಲ್ಲಿಗೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಮೇಲಿನಿಂದ ಕೊರೆದು, ಉರಿಯೂತವಾದ ತಿರುಳನ್ನು ಅಥವಾ ಅದರ ಮೇಲ್ಭಾಗವನ್ನಾದರೂ ತೆಗೆದು, ಔಷಧವಿಟ್ಟು ತಾತ್ಕಾಲಿಕ ಸಿಮೆಂಟಿನಿಂದ ಮುಚ್ಚುವ ಕೆಲಸವನ್ನು ಬಿಡಿಎಸ್ ಓದಿದ ಯಾವ ದಂತವೈದ್ಯರೂ ಮಾಡಬಲ್ಲರು. ಅದಕ್ಕೆ ತಜ್ಞರೇ ಬರಬೇಕೆಂದಿಲ್ಲ. ಉಳಿದ ಶುದ್ಧೀಕರಣ, ತುಂಬಿಸುವಿಕೆ, ಕ್ಯಾಪ್ ಇವೆಲ್ಲವನ್ನೂ ತಜ್ಞರು ಬಂದ ದಿನ ಮುಂದುವರಿಸಬಹುದು. ಒಳಗಿನ ಒತ್ತಡ ಇಳಿದ ಮೇಲೆ ಬಹಳ ಜನರಿಗೆ ಅದೇ ರಾತ್ರಿ ನಿದ್ದೆ ಬರುತ್ತದೆ. ಫೋನಿನಲ್ಲಿ ಬರೀ "ಹಲ್ಲುನೋವು, ಬೇಗ ಡೇಟ್ ಕೊಡಿ" ಎಂದರೆ ಸ್ವಾಗತದಲ್ಲಿರುವವರು ಅದೇ ಹಳೆಯ ದಿನವನ್ನು ಹೇಳುತ್ತಾರೆ. ಅದರ ಬದಲು "ರಾತ್ರಿ ನಿದ್ದೆ ಇಲ್ಲ, ಬಿಸಿ ತಾಗಿದರೆ ನೋವು ನಿಲ್ಲುವುದಿಲ್ಲ, ಮಾತ್ರೆಗೂ ಪೂರ್ತಿ ಇಳಿಯುತ್ತಿಲ್ಲ, ಡಾಕ್ಟರು ಹಲ್ಲನ್ನು ತೆರೆದು ತಾತ್ಕಾಲಿಕವಾಗಿ ಮುಚ್ಚಿಕೊಡುತ್ತಾರೆಯೇ?" ಎಂದು ಕೇಳಿ. ಆ ಕ್ಲಿನಿಕ್ಕಿನಲ್ಲಿ ಆಗದಿದ್ದರೆ ಬೇರೆಡೆ ಕೇಳಿ. ನಮ್ಮ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ದಂತ ವಿಭಾಗವಿರುತ್ತದೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸಮೀಪ ಸರ್ಕಾರಿ ದಂತ ಕಾಲೇಜು ಇದೆ. ದಾವಣಗೆರೆ, ಧಾರವಾಡ, ಮೈಸೂರು, ಮಂಗಳೂರು, ಮಣಿಪಾಲಗಳ ದಂತ ಕಾಲೇಜುಗಳಲ್ಲಿ ಬೆಳಿಗ್ಗೆ ಹೊರರೋಗಿ ವಿಭಾಗಕ್ಕೆ ಹೋಗಿ ಚೀಟಿ ಮಾಡಿಸಿದರೆ, ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಹಲ್ಲನ್ನು ನೋಡುತ್ತಾರೆ. ಹೊತ್ತು ಹೆಚ್ಚು ಹಿಡಿಯಬಹುದು, ಆದರೆ ಒಂದು ವಾರ ನರಳುವುದಕ್ಕಿಂತ ಒಂದು ಬೆಳಗನ್ನು ಸಾಲಿನಲ್ಲಿ ಕಳೆಯುವುದು ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ಮಾತ್ರೆಯ ವಿಚಾರ. ಹಲ್ಲುನೋವಿನ ಮೂಲ ಉರಿಯೂತವಾದ್ದರಿಂದ ಅದನ್ನು ತಗ್ಗಿಸುವ ಐಬುಪ್ರೊಫೆನ್‌ನಂತಹ ಔಷಧವೇ ಮೊದಲ ಆಯ್ಕೆ; ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2024ರಲ್ಲಿ ಹದಿಹರೆಯದವರಿಗೂ ವಯಸ್ಕರಿಗೂ ಪ್ರಕಟಿಸಿದ ಮಾರ್ಗಸೂಚಿ ಹೇಳುವುದೂ ಇದನ್ನೇ. ಪ್ಯಾರಾಸಿಟಮಾಲ್ ಬೇರೆ ರೀತಿಯಲ್ಲಿ ಕೆಲಸ ಮಾಡುವುದರಿಂದ ಎರಡನ್ನೂ ಜೊತೆಯಾಗಿ ತೆಗೆದುಕೊಂಡಾಗ ಒಂದೊಂದನ್ನೇ ತೆಗೆದುಕೊಳ್ಳುವುದಕ್ಕಿಂತ ಹೆಚ್ಚು ಪರಿಣಾಮವಿರುತ್ತದೆ. ಬೇರೆ ಕಾಯಿಲೆಗಳಿಲ್ಲದ ವಯಸ್ಕರು ಬೆಳಿಗ್ಗೆ ತಿಂಡಿಯ ನಂತರ, ಮಧ್ಯಾಹ್ನ ಮತ್ತು ರಾತ್ರಿ ಊಟದ ನಂತರ 400 ಮಿಲಿಗ್ರಾಂ ಐಬುಪ್ರೊಫೆನ್ ಜೊತೆ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ವೈದ್ಯರು ಹೇಳದ ಹೊರತು ಐಬುಪ್ರೊಫೆನ್ ದಿನಕ್ಕೆ 1200 ಮಿಲಿಗ್ರಾಂ ಮೀರಬಾರದು. ಪ್ಯಾರಾಸಿಟಮಾಲ್ ಎಲ್ಲ ಮೂಲಗಳಿಂದ ಸೇರಿ 3 ಗ್ರಾಂ ಒಳಗಿದ್ದರೆ ಕ್ಷೇಮ. ಇಲ್ಲಿ ಬಹುಪಾಲು ಜನ ಎಡವುವುದು ಸಮಯದಲ್ಲಿ. ನೋವು ತಡೆಯಲಾರದಷ್ಟು ಏರುವವರೆಗೆ ಹಲ್ಲು ಕಚ್ಚಿ ಕುಳಿತು ಆಮೇಲೆ ಮಾತ್ರೆ ನುಂಗಿದರೆ ಅದು ಕೆಲಸ ಆರಂಭಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕಾಗುತ್ತದೆ. ಆ ಒಂದು ಗಂಟೆಯಲ್ಲಿ ತಾಳಲಾಗದೆ ಮತ್ತೊಂದು ಮಾತ್ರೆ ನುಂಗುತ್ತಾರೆ. ಮೊದಲ ಎರಡು ಮೂರು ದಿನ ಗಡಿಯಾರ ನೋಡಿಯೇ ತೆಗೆದುಕೊಳ್ಳಿ. ನಡುರಾತ್ರಿ ಎಚ್ಚರವಾದರೆ, ಹಿಂದಿನದಕ್ಕೆ 6 ಗಂಟೆ ಆಗಿದ್ದಲ್ಲಿ, ಪ್ಯಾರಾಸಿಟಮಾಲ್ ಒಂದನ್ನೇ ತೆಗೆದುಕೊಳ್ಳಬಹುದು.

ಹೆಸರು ಬೇರೆಯಾದ ಮಾತ್ರೆಯ ಒಳಗಿರುವುದು ಒಂದೇ ಔಷಧವಾಗಿರಬಹುದು ಎಂಬುದನ್ನು ದಯವಿಟ್ಟು ನೆನಪಿಡಿ. ಕಾಂಬಿಫ್ಲಾಮ್‌ನಲ್ಲಿ 400 ಮಿಲಿಗ್ರಾಂ ಐಬುಪ್ರೊಫೆನ್ ಜೊತೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಈಗಾಗಲೇ ಇದೆ. ಅದರ ಮೇಲೆ ಡೋಲೋ 650 ನುಂಗುವವರು ಎರಡರ ಪ್ಯಾರಾಸಿಟಮಾಲನ್ನೂ ಕೂಡಿಸಿ ಲೆಕ್ಕ ಹಾಕಬೇಕು. ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ನೀರಿನಲ್ಲಿ ಕರಗಿಸಿ ಕುಡಿಯುವ ಕೆಟೊರೊಲ್ಯಾಕ್ ಇವೆಲ್ಲ ಐಬುಪ್ರೊಫೆನ್ ವರ್ಗದವೇ ಆಗಿರುವುದರಿಂದ ಎರಡನ್ನು ಒಟ್ಟಿಗೆ ತೆಗೆದುಕೊಂಡರೆ ನೋವು ಇನ್ನಷ್ಟು ಕಡಿಮೆಯಾಗುವುದಿಲ್ಲ, ಹೊಟ್ಟೆಯ ಒಳಪದರಕ್ಕೂ ಮೂತ್ರಪಿಂಡಕ್ಕೂ ಆಗುವ ಹಾನಿ ಮಾತ್ರ ಹೆಚ್ಚುತ್ತದೆ. ಕೆಟೊರೊಲ್ಯಾಕ್ ವೈದ್ಯರು ಬರೆದುಕೊಟ್ಟರೂ 5 ದಿನ ಮೀರುವಂತಿಲ್ಲ. ಹೊಟ್ಟೆಹುಣ್ಣು, ಮೂತ್ರಪಿಂಡ ಅಥವಾ ಹೃದಯದ ತೊಂದರೆ, ನೋವಿನ ಮಾತ್ರೆಗೆ ಕೆರಳುವ ಆಸ್ತಮಾ ಇರುವವರು, ರಕ್ತ ತೆಳುಗೊಳಿಸುವ ಔಷಧ ಸೇವಿಸುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಈ ವರ್ಗವನ್ನು ಮುಟ್ಟಬಾರದು. ಅವರಿಗೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಒಂದೇ ದಾರಿ. ನಮ್ಮ ಕಡೆಯವರಿಗೆ ಇನ್ನೊಂದು ಮಾತು: ಹಲ್ಲುನೋವಿನ ಜೊತೆ ಮೈಕೈ ನೋವಿನ ಜ್ವರವೂ ಇದ್ದರೆ, ಅದು ಡೆಂಗ್ಯೂ ಅಥವಾ ಮಂಗನ ಕಾಯಿಲೆ ಅಲ್ಲವೆಂದು ಗೊತ್ತಾಗುವವರೆಗೆ ಐಬುಪ್ರೊಫೆನ್ ಬೇಡ, ಏಕೆಂದರೆ ಅವುಗಳಲ್ಲಿ ರಕ್ತಸ್ರಾವದ ಅಪಾಯವಿರುತ್ತದೆ.

ಮನೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್ ತೆಗೆದುಕೊಳ್ಳಬೇಡಿ. ನೀವು ವಿವರಿಸಿರುವಂತಹ, ಊತವಾಗಲಿ ಜ್ವರವಾಗಲಿ ಇಲ್ಲದ ನೋವಿಗೆ ಆ್ಯಂಟಿಬಯೋಟಿಕ್‌ನಿಂದ ಪ್ರಯೋಜನವಿಲ್ಲ. ಒತ್ತಡ ತುಂಬಿದ ಆ ಪುಟ್ಟ ಕೋಣೆಯ ಸಮಸ್ಯೆಯನ್ನು ಅದು ಬಗೆಹರಿಸಲಾರದು. ಅದೇ ಡೆಂಟಲ್ ಅಸೋಸಿಯೇಷನ್ 2019ರ ಮಾರ್ಗಸೂಚಿಯಲ್ಲಿ, ತಿರುಳಿನ ಉರಿಯೂತಕ್ಕೆ ಆ್ಯಂಟಿಬಯೋಟಿಕ್ ಬೇಡ, ಹಲ್ಲಿಗೇ ಚಿಕಿತ್ಸೆ ಆಗಬೇಕು ಎಂದು ಸ್ಪಷ್ಟವಾಗಿ ಹೇಳಿದೆ. ಕೀವು ಹರಡಿ ಮುಖ ಊದಿದಾಗ ಅಥವಾ ಜ್ವರ ಬಂದಾಗ ಅದರ ಅಗತ್ಯ ಬೀಳುತ್ತದೆ, ಆಗಲೂ ಯಾವುದು, ಎಷ್ಟು ದಿನ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ನಾಲ್ಕೈದು ಕ್ಯಾಪ್ಸೂಲು ನುಂಗಿ ಬಿಟ್ಟುಬಿಡುವ ಅಭ್ಯಾಸ ನನ್ನನ್ನು ನಿಜವಾಗಿಯೂ ಕಾಡುವ ವಿಷಯ. ಚೀಟಿಯಿಲ್ಲದೆ ಕೇಳಿದವರಿಗೆ ಇಲ್ಲವೆನ್ನುವಾಗ ಅವರಿಗೆ ಬೇಸರವಾಗುತ್ತದೆಂದು ಬಲ್ಲೆ, ಆದರೂ ಇಲ್ಲವೆನ್ನುತ್ತೇನೆ.

ಲವಂಗದ ಎಣ್ಣೆಗೆ ನಿಜವಾದ ಗುಣವಿದೆ. ಅದರಲ್ಲಿರುವ ಯೂಜಿನಾಲ್ ನರವನ್ನು ಸ್ವಲ್ಪ ಹೊತ್ತು ಮಂಕಾಗಿಸುತ್ತದೆ. ದಂತವೈದ್ಯರು ತಾತ್ಕಾಲಿಕವಾಗಿ ತುಂಬಿಸುವ ಒಂದು ಸಿಮೆಂಟನ್ನು ಜಿಂಕ್ ಆಕ್ಸೈಡ್ ಮತ್ತು ಇದೇ ಯೂಜಿನಾಲ್ ಬೆರೆಸಿ ಮಾಡುತ್ತಾರೆ. ಆದರೆ ಹಚ್ಚುವ ಕ್ರಮ ತಿಳಿದಿರಬೇಕು. ಊಟದ ಚೂರುಗಳನ್ನು ಉಗುರುಬೆಚ್ಚಗಿನ ಉಪ್ಪುನೀರಿನಿಂದ ಮುಕ್ಕಳಿಸಿ ತೆಗೆದು, ಸಣ್ಣ ಹತ್ತಿಯುಂಡೆಗೆ ಒಂದೆರಡು ಹನಿ ಎಣ್ಣೆ ಹಾಕಿ, ಚೆನ್ನಾಗಿ ಹಿಂಡಿ, ಹುಳುಕಿನ ಕುಳಿಯೊಳಗೆ ಮಾತ್ರ ಕೆಲವು ನಿಮಿಷ ಇಟ್ಟು ತೆಗೆಯಬೇಕು. ವಸಡಿಗೂ ಕೆನ್ನೆಯ ಒಳಗೂ ಹರಿದರೆ ಸುಡುತ್ತದೆ. ಮಕ್ಕಳ ಕೈಗೆ ಆ ಸೀಸೆ ಸಿಗಬಾರದು, ಸ್ವಲ್ಪ ಕುಡಿದರೂ ಯಕೃತ್ತಿಗೆ ಅಪಾಯ. ಇಡೀ ಲವಂಗವನ್ನು ನೋವಿರುವ ಹಲ್ಲಿನಿಂದಲೇ ಕಚ್ಚುವುದೂ ಬೇಡ, ಹುಳುಕಿನಿಂದ ತೆಳುವಾದ ಹಲ್ಲು ಸೀಳಬಹುದು. ಆಸ್ಪಿರಿನ್ ಮಾತ್ರೆಯನ್ನು ವಸಡಿನ ಪಕ್ಕ ಅದುಮಿಡುವುದು, ಹೊಗೆಸೊಪ್ಪು ಅಥವಾ ನಶ್ಯ ತುಂಬುವುದು, ಸೀಮೆಎಣ್ಣೆ ಸವರುವುದು, ಮದ್ಯವನ್ನು ಬಾಯಲ್ಲಿ ನಿಲ್ಲಿಸುವುದು ಇವುಗಳಿಂದ ಹುಣ್ಣು ಬೇರೆ ಸೇರಿಕೊಂಡು ದಂತವೈದ್ಯರಿಗೆ ಕೆಲಸ ಕಷ್ಟವಾಗುತ್ತದೆ. ಸಂತೆಯಲ್ಲಿ ಬೀಜದ ಹೊಗೆ ಹಾಕಿ ಹಲ್ಲಿನಿಂದ ಹುಳ ಉದುರಿಸಿ ತೋರಿಸುವವರನ್ನು ನಂಬಬೇಡಿ. ಹಲ್ಲನ್ನು ಕೊರೆಯುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಸಕ್ಕರೆಯಿಂದ ತಯಾರಿಸುವ ಆಮ್ಲ, ಹುಳವಲ್ಲ.

ರಾತ್ರಿ ಎರಡು ದಿಂಬು ಇಟ್ಟುಕೊಂಡು ತಲೆಯನ್ನು ಎದೆಗಿಂತ ಎತ್ತರದಲ್ಲಿರಿಸಿ, ಸಾಧ್ಯವಾದರೆ ಆರಾಮ ಕುರ್ಚಿಯಲ್ಲಿ ಒರಗಿಯೇ ಮಲಗಿ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಕೆನ್ನೆಯ ಹೊರಗೆ 10ರಿಂದ 15 ನಿಮಿಷ ಇಡಬಹುದು. ಬಿಸಿನೀರಿನ ಚೀಲ ಮಾತ್ರ ಖಂಡಿತ ಬೇಡ. ಆರಿದ ಗಂಜಿ, ಮೊಸರನ್ನ, ರಾಗಿ ಅಂಬಲಿಯಂತಹವನ್ನು ಇನ್ನೊಂದು ಬದಿಯಿಂದ ಸೇವಿಸಿ. ನೋವೆಂದು ಬ್ರಷ್ ಮಾಡುವುದನ್ನು ನಿಲ್ಲಿಸಬೇಡಿ. ಎರಡು ಹಲ್ಲುಗಳ ನಡುವೆ ನಾರು ಸಿಕ್ಕಿಕೊಂಡು ನೋವನ್ನು ಇಮ್ಮಡಿಸಿರುವ ಸಂದರ್ಭಗಳಿವೆ, ಆಗ ಹಲ್ಲಿನ ಸಂದಿಗೆ ಬಳಸುವ ಫ್ಲಾಸ್ ದಾರದಿಂದ ಮೆಲ್ಲಗೆ ತೆಗೆಯಿರಿ, ಪಿನ್ನಿನಿಂದಲೋ ಕಡ್ಡಿಯಿಂದಲೋ ಕೆದಕಬೇಡಿ.

ದಿನ ಬರುವ ಮೊದಲೇ ನೋವು ಇದ್ದಕ್ಕಿದ್ದಂತೆ ನಿಂತುಹೋದರೆ ದಯವಿಟ್ಟು ಅಪಾಯಿಂಟ್‌ಮೆಂಟ್ ರದ್ದು ಮಾಡಬೇಡಿ. ತಿರುಳು ಸತ್ತಾಗ ನರ ಸುಮ್ಮನಾಗುತ್ತದೆ, ಸೋಂಕು ಸುಮ್ಮನಾಗುವುದಿಲ್ಲ. ಅದು ಬೇರಿನ ತುದಿಯಿಂದ ಮೂಳೆಗೆ ಇಳಿದು ಕೆಲವು ವಾರಗಳೋ ತಿಂಗಳುಗಳೋ ಕಳೆದ ಮೇಲೆ ಕೀವಾಗಿ ಹೊರಬರುತ್ತದೆ. ದವಡೆಯ ಕೆಳಗೆ ಅಥವಾ ಕುತ್ತಿಗೆಗೆ ಊತ ಹರಡಿದರೆ, ಬಾಯಿ ಪೂರ್ತಿ ತೆರೆಯಲಾಗದಿದ್ದರೆ, ನುಂಗಲು ಕಷ್ಟವಾಗಿ ಜೊಲ್ಲು ಸುರಿಯತೊಡಗಿದರೆ, ನಾಲಿಗೆ ಮೇಲೆದ್ದಂತಾದರೆ, ಕಣ್ಣಿನ ಸುತ್ತ ಊದಿದರೆ, ಚಳಿಜ್ವರ ಬಂದರೆ ಬೆಳಗಾಗುವವರೆಗೆ ಕಾಯುವಂತಿಲ್ಲ. ಅಂತಹ ಊತ ಉಸಿರಿನ ದಾರಿಯನ್ನೇ ಮುಚ್ಚಬಲ್ಲದು, ಆದ್ದರಿಂದ ಆ ಹೊತ್ತಿಗೆ ಹೋಗಬೇಕಾದದ್ದು ದಂತ ಕ್ಲಿನಿಕ್ಕಿಗಲ್ಲ, ಜಿಲ್ಲಾಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜಿನ ತುರ್ತು ವಿಭಾಗಕ್ಕೆ. 108ಕ್ಕೆ ಕರೆ ಮಾಡಿ. ದವಡೆಯ ನೋವಿನ ಜೊತೆ ಎದೆ ಬಿಗಿತ, ಬೆವರು, ಎಡಗೈ ಸೆಳೆತ ಇದ್ದರೆ ಅದು ಹಲ್ಲಿನದಲ್ಲ, ಹೃದಯದ್ದಿರಬಹುದು. ಆಗಲೂ ಅದೇ ದಾರಿ.

ಹಲ್ಲು ಕೀಳಿಸಿಬಿಡಲೇ ಎಂದೂ ಕೇಳಿದ್ದೀರಿ. ರೂಟ್ ಕೆನಾಲ್ ಮತ್ತು ಕ್ಯಾಪಿನ ಖರ್ಚು ಹೊರಲಾಗದವರಿಗೆ ಅದು ತಪ್ಪಾದ ನಿರ್ಧಾರವೇನಲ್ಲ. ಆದರೆ ನಿದ್ದೆಗೆಟ್ಟ ರಾತ್ರಿಯಲ್ಲಿ ಅದನ್ನು ನಿರ್ಧರಿಸಬೇಡಿ, ನೋವು ಇಳಿದ ಮೇಲೆ ಯೋಚಿಸಿ. ಚಿಕಿತ್ಸೆಯ ದಿನ ಹೊಟ್ಟೆಗೆ ಸ್ವಲ್ಪ ತಿಂದು ಹೋಗಿ, ಬಿಪಿ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ತಪ್ಪಿಸಬೇಡಿ, ರಕ್ತ ತೆಳುಗೊಳಿಸುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಈ ವಾರ ಯಾವ ಮಾತ್ರೆ ಯಾವ ಹೊತ್ತಿಗೆ ತೆಗೆದುಕೊಂಡಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ವೈದ್ಯರಿಗೆ ಅನುಕೂಲವಾಗುತ್ತದೆ. ತೀವ್ರವಾಗಿ ಉರಿಯೂತವಾದ ಕೆಳದವಡೆಯ ಹಲ್ಲಿಗೆ ಮರಗಟ್ಟುವ ಚುಚ್ಚುಮದ್ದು ಒಮ್ಮೊಮ್ಮೆ ಪೂರ್ತಿ ಹಿಡಿಯುವುದಿಲ್ಲ. ನಿಮಗೆ ಐಬುಪ್ರೊಫೆನ್ ಆಗುವುದಾದರೆ ಅಂದಿನ ಮಾತ್ರೆಯನ್ನು ಒಂದು ಗಂಟೆ ಮೊದಲು ತೆಗೆದುಕೊಂಡಿರುವುದು ಚುಚ್ಚುಮದ್ದು ಹಿಡಿಯಲು ನೆರವಾಗುತ್ತದೆ. ಕೊರೆಯುವಾಗ ನೋವಾದರೆ ಸಹಿಸಿಕೊಂಡು ಕೂರದೆ ಕೈಯೆತ್ತಿ ಹೇಳಿ, ಇನ್ನೊಂದು ಜಾಗಕ್ಕೆ ಚುಚ್ಚುಮದ್ದು ಕೊಡುವ ವಿಧಾನಗಳು ಅವರಲ್ಲಿವೆ.