ಉಪವಾಸ ತಪ್ಪಿದ್ದಕ್ಕೆ ಮಗನಿಗೆ ಜ್ವರ ಬಂತಾ?

ಪ್ರಶ್ನೆ: ನಾನು ನರ್ಸ್. ತಿಂಗಳಲ್ಲಿ ಎರಡು ವಾರ ನೈಟ್ ಡ್ಯೂಟಿ. ಭಾನುವಾರದ ಆರಾಧನೆ ಎಷ್ಟೋ ಸಲ ತಪ್ಪುತ್ತದೆ. ದಿನಕ್ಕೆ ಬೈಬಲಿನ ಮೂರು ಅಧ್ಯಾಯ, ಶುಕ್ರವಾರ ಉಪವಾಸ, ಸಂಬಳದಲ್ಲಿ ಸಭೆಗೆ ಕೊಡುವ ದಶಮಾಂಶ (ಹತ್ತರಲ್ಲೊಂದು ಪಾಲು), ಎಲ್ಲಕ್ಕೂ ಡೈರಿಯಲ್ಲಿ ಟಿಕ್ ಹಾಕುತ್ತೇನೆ. ಕಳೆದ ತಿಂಗಳು ಎರಡು ಶುಕ್ರವಾರ ಉಪವಾಸ ಬಿಟ್ಟೆ. ಮಗನಿಗೆ ಜ್ವರ ಬಂತು. ಸಭೆಯ ಹಿರಿಯರೊಬ್ಬರು, "ದೇವರು ಎಚ್ಚರಿಸ್ತಿದ್ದಾರಮ್ಮ" ಎಂದರು. ಕೃಪೆಯಿಂದಲೇ ರಕ್ಷಣೆ ಅಂತ ಹಾಡುತ್ತೇವಲ್ಲ, ಹಾಗಾದರೆ ಇದೆಲ್ಲ ಬಿಟ್ಟುಬಿಡಬಹುದಾ?

ಉತ್ತರ: ತಂಗಿ, ಮೊದಲು ಜ್ವರದ ವಿಷಯ ಮುಗಿಸೋಣ. ಹುಟ್ಟುಕುರುಡನೊಬ್ಬನನ್ನು ನೋಡಿ ಶಿಷ್ಯರು, ಇದು ಇವನ ಪಾಪವಾ, ತಂದೆತಾಯಿಯ ಪಾಪವಾ ಅಂತ ಕೇಳಿದ್ದರು. ಯಾರದ್ದೂ ಅಲ್ಲ ಎಂದರು ಯೇಸುಸ್ವಾಮಿ (ಯೋಹಾನ 9). ಮಕ್ಕಳಿಗೆ ಜ್ವರ ಯಾಕೆ ಬರುತ್ತದೆ ಅನ್ನೋದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಇನ್ನು ಡೈರಿ. ಈಗಿನ ಟರ್ಕಿಯಲ್ಲಿದ್ದ ಗಲಾತ್ಯ ಪ್ರಾಂತ್ಯದ ಮೊದಲ ಕಾಲದ ಸಭೆಗಳಿಗೂ ಇದೇ ಕಾಟ ಇತ್ತು. ಅವರು ಕ್ರಿಸ್ತನನ್ನು ನಂಬಿದವರೇ. ಆಮೇಲೆ ಬಂದ ಕೆಲವರು, ನಂಬಿಕೆ ಸಾಲದು, ಸುನ್ನತಿಯೂ ಬೇಕು ಎಂದರು. ಜನ ದಿನ, ತಿಂಗಳು, ವರ್ಷ ಅಂತ ಲೆಕ್ಕ ಹಿಡಿದು ಕೂತರು. ಕ್ರಿಸ್ತನ ಸುವಾರ್ತೆ ಸಾರುತ್ತಾ ಸಭೆಗಳಿಗೆ ಪತ್ರ ಬರೆಯುತ್ತಿದ್ದ ಪೌಲ ಸಾಮಾನ್ಯವಾಗಿ ಪತ್ರದ ಆರಂಭದಲ್ಲಿ ಓದುವವರಿಗಾಗಿ ದೇವರಿಗೆ ಸ್ತೋತ್ರ ಹೇಳುತ್ತಾನೆ. ಗಲಾತ್ಯದವರಿಗೆ ಅದೂ ಇಲ್ಲ, ನೇರ ಬೈಗುಳ. ನಿಮ್ಮನ್ನು ಮರುಳು ಮಾಡಿದವರು ಯಾರು ಅಂತ ಕೇಳುತ್ತಾನೆ. ಯೇಸುಸ್ವಾಮಿಯ ಮುಖ್ಯ ಶಿಷ್ಯ, ಪೇತ್ರನಂಥ ಪೇತ್ರನೇ ಅಂತಿಯೋಕ್ಯ ಪಟ್ಟಣದಲ್ಲಿ ಜನರಿಗೆ ಹೆದರಿ, ಯೆಹೂದ್ಯರಲ್ಲದವರ ಜೊತೆ ಊಟಕ್ಕೆ ಕೂರುವುದು ಬಿಟ್ಟಿದ್ದ. ಪೌಲ ಎಲ್ಲರ ಮುಂದೆಯೇ ಅವನನ್ನು ತರಾಟೆಗೆ ತೆಗೆದುಕೊಂಡ. ನಿಮ್ಮ ಸಭೆಯ ಹಿರಿಯರ ಮೇಲೆ ಜಾಸ್ತಿ ಕೋಪ ಬೇಡ, ಈ ವಿಷಯದಲ್ಲಿ ದೊಡ್ಡವರೂ ಜಾರಿದ್ದಾರೆ.

ಮುಂದೆ ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ 1505ರಲ್ಲಿ ಜರ್ಮನಿಯ ಎರ್ಫರ್ಟ್‌ನ ಮಠ ಸೇರಿದ. ಉಪವಾಸ, ಜಾಗರಣೆ, ಗಂಟೆಗಟ್ಟಲೆ ಪಾಪನಿವೇದನೆ. ಎದ್ದು ಹೊರಟ ಮೇಲೆ, ಅಯ್ಯೋ, ಒಂದು ಹೇಳೋದು ಮರೆತೆನಲ್ಲ ಅನ್ನುವ ಭಯ. ಡೈರಿಯ ಸಮಸ್ಯೆಯೇ ಅದು, ಯಾವತ್ತೂ ತುಂಬುವುದಿಲ್ಲ. ರೋಮಾಪುರದವರಿಗೆ ಬರೆದ ಪತ್ರ ಓದುತ್ತಾ ಓದುತ್ತಾ ಅವನಿಗೆ ಹೊಳೆಯಿತು: ಅಲ್ಲಿ ಹೇಳುವ ನೀತಿ, ಅಂದರೆ ದೇವರ ಮುಂದೆ ಸರಿಯಾಗಿ ನಿಲ್ಲುವುದು, ದೇವರು ನಮ್ಮಿಂದ ವಸೂಲಿ ಮಾಡುವಂಥದ್ದಲ್ಲ, ನಮಗೆ ಕೊಡುವಂಥದ್ದು. ಅದೇ ಪತ್ರದ 4ನೇ ಅಧ್ಯಾಯದಲ್ಲಿ ಪೌಲ ಕೂಲಿಯ ಮಾತು ತರುತ್ತಾನೆ. ದುಡಿದವನಿಗೆ ಕೂಲಿ ಕೊಟ್ಟರೆ ಅದು ಉಪಕಾರ ಅಲ್ಲ, ಸಲ್ಲಬೇಕಾದ್ದು. ತಿಂಗಳ ಕೊನೆಗೆ ಸಂಬಳ ಬಂದಾಗ ನೀವು ಆಸ್ಪತ್ರೆಯವರ ದಯೆ ಅಂತ ಕೈ ಮುಗಿಯುತ್ತೀರಾ? ಇಲ್ಲ ಅಲ್ವಾ. ಟಿಕ್ ಹಾಕಿ ಹಾಕಿ ನೀವು ದೇವರ ಹತ್ತಿರವೂ ಸಂಬಳ ಕೇಳುತ್ತಿದ್ದೀರಿ. ಹಾಗಾಗಿಯೇ ಟಿಕ್ ತಪ್ಪಿದರೆ ಸಂಬಳ ಕಟ್ ಆಗುತ್ತದೆ ಅಂತ ನಡುಗುತ್ತೀರಿ.

ಹಾಗಂತ ಎಲ್ಲ ಬಿಡಿ ಅಂತ ನಾನು ಹೇಳುವುದಿಲ್ಲ. ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ಹತ್ತರಲ್ಲೊಂದು ಪಾಲು ಎಣಿಸಿ ಕೊಟ್ಟು, ನ್ಯಾಯ ಕರುಣೆ ಮರೆತವರನ್ನು ಯೇಸುಸ್ವಾಮಿ ಗದರಿಸಿದರು. ಆದರೆ ಕೊಡುವುದನ್ನೇ ನಿಲ್ಲಿಸಿ ಅನ್ನಲಿಲ್ಲ. ಉಪವಾಸ ಒಳ್ಳೆಯದೇ, ಅದನ್ನು ಬೆಲೆಯಾಗಿ ಕಟ್ಟಲು ಹೊರಟರೆ ಮಾತ್ರ ಕೆಡುತ್ತದೆ.

ಭಾನುವಾರದ ಡ್ಯೂಟಿ ಬಗ್ಗೆ ಒಂದು ಮಾತು. ಯೆಹೂದ್ಯರು ಕೆಲಸ ಮಾಡದ ವಿಶ್ರಾಂತಿ ದಿನವಾದ ಸಬ್ಬತ್ ದಿನ ಕೈ ಬತ್ತಿದವನೊಬ್ಬ ಸಭಾಮಂದಿರದಲ್ಲಿದ್ದ. ಈ ಯೇಸು ಅವತ್ತೂ ವಾಸಿ ಮಾಡುತ್ತಾನಾ ಅಂತ ಕೆಲವರು ಹೊಂಚು ಹಾಕಿ ನೋಡುತ್ತಿದ್ದರು. ಯೇಸುಸ್ವಾಮಿ ನಾಳೆ ಬಾ ಅನ್ನಲಿಲ್ಲ, ಅಲ್ಲೇ ವಾಸಿ ಮಾಡಿದರು. ಭಾನುವಾರ ವಾರ್ಡಿನಲ್ಲಿ ಯಾರಿಗೋ ಡ್ರಿಪ್ ಹಾಕುವಾಗ ನೀವು ದೇವರಿಂದ ತಪ್ಪಿಸಿಕೊಂಡಿದ್ದೀರಿ ಅಂತ ನನಗೇನೂ ಅನ್ನಿಸುವುದಿಲ್ಲ. ವಾರದ ಮಧ್ಯೆ ಕೂಟ ಇದ್ದರೆ ಹೋಗಿ. ಜೊತೆಯವರು ಬೇಕು, ಒಬ್ಬರೇ ಇದ್ದರೆ ಭಯ ಬೆಳೆಯುತ್ತದೆ.

ಒಂದು ತಿಂಗಳು ಡೈರಿ ಮುಚ್ಚಿಡಿ. ಅಧ್ಯಾಯ ಎಣಿಸಬೇಡಿ, ಹಿಡಿಸಿದಷ್ಟು ಓದಿ. ಪ್ರವಾದಿ ಎಲೀಯ ಸುಸ್ತಾಗಿ, ಸಾಯಬೇಕು ಅಂತ ಮರದಡಿ ಮಲಗಿದಾಗ ದೇವದೂತ ಬಂದು ತಟ್ಟಿ ಎಬ್ಬಿಸಿದ. ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಇಟ್ಟು, ಎದ್ದು ತಿನ್ನು ಎಂದ. ಎಲೀಯ ತಿಂದು ಮತ್ತೆ ಮಲಗಿದ. ನೈಟ್ ಡ್ಯೂಟಿ ಮುಗಿಸಿ ಬರುವ ಶುಕ್ರವಾರ ನೀವೂ ತಿಂಡಿ ತಿಂದು ಮಲಗಿ.