ಇಳಕಲ್ ಸೀರೆ ಉಟ್ಟು ಫೋಟೊ: ನಿಮ್ಮ ಪ್ರಶ್ನೆಗೆ

ತಂಗಿಯ ಸೀಮಂತಕ್ಕೆ ಇಳಕಲ್ ಸೀರೆ ಉಡ್ತೀನಿ, ಫೋಟೊದಲ್ಲಿ ಚೆನ್ನಾಗಿ ಕಾಣಬೇಕು, ಸೀರೆ ಕೊಟ್ಟ ಚಿಕ್ಕ ಅಂಗಡಿಗೂ ಅನುಕೂಲ ಆಗಬೇಕು ಅಂತ ಕೇಳಿದ್ದೀರಿ.

ಮೊದಲನೆಯದಾಗಿ, ಸೆರಗನ್ನು ನೆರಿಗೆ ಹಿಡಿದು ಪಿನ್ ಮಾಡಬೇಡಿ. ಇಳಕಲ್ ಸೀರೆಯ ಅಂದ ಇರೋದೇ ಸೆರಗಿನ ತೆನೆಯಲ್ಲಿ, ಅಂದರೆ ಗೋಪುರದಂಥ ವಿನ್ಯಾಸದಲ್ಲಿ. ಕೆಂಪಿನ ಮೇಲಿನ ಆ ಬಿಳಿ ಗೋಪುರಗಳು ನೆರಿಗೆಯೊಳಗೆ ಹೋದರೆ ಫೋಟೊದಲ್ಲಿ ಬರೀ ಪಟ್ಟೆ ಕಾಣುತ್ತದೆ. ಒಂಟಿ ಪದರ ಬಿಟ್ಟು ಮೊಣಕೈ ಮೇಲೆ ಹಾಕಿಕೊಳ್ಳಿ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಮೈಯ ಹಾಸನ್ನೂ (ಉದ್ದಕ್ಕೆ ಹಾಸುವ ಎಳೆಗಳು) ಸೆರಗಿನ ಹಾಸನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಅಷ್ಟು ಕೆಲಸವನ್ನು ಮುಚ್ಚಿಟ್ಟರೆ ಹೇಗೆ ಅಲ್ವಾ?

ಮಧ್ಯಾಹ್ನದ ಬಿಸಿಲು ಬೇಡ. ಫೋನಿನಲ್ಲಿ ಆ ಕೆಂಪು ಬಣ್ಣ ಬಳಿದ ಗೋಡೆಯ ಹಾಗೆ ಬರುತ್ತದೆ. ಕಿಟಕಿ ಪಕ್ಕ ನಿಂತು, ಫೋಟೊ ತೆಗೆಯುವವರಿಗೆ ಫೋನಿನ ಪರದೆಯಲ್ಲಿ ಸೆರಗಿನ ಮೇಲೆ ಬೆರಳಿಟ್ಟು ಬೆಳಕು ಸ್ವಲ್ಪ ಇಳಿಸೋಕೆ ಹೇಳಿ. ಅವರು ಎರಡು ಹೆಜ್ಜೆ ಹಿಂದೆ ಹೋಗಿ ಜೂಮ್ ಮಾಡಲಿ. ಹತ್ತಿರದಿಂದ ತೆಗೆದರೆ ಮೂಗೇ ದೊಡ್ಡದಾಗಿ ಕಾಣುತ್ತದೆ. ಫಿಲ್ಟರ್ ಅಂತೂ ಬೇಡವೇ ಬೇಡ. ನೋಡಿದವರು ಅದೇ ಬಣ್ಣ ಬೇಕು ಅಂತ ಅಂಗಡಿಗೆ ಹೋದರೆ ಪಾಪ ಅವರು ಎಲ್ಲಿಂದ ತರಬೇಕು?

ಇನ್ನು ಅಂಗಡಿ ವಿಷಯ. ಗೂಗಲ್ ಮ್ಯಾಪ್‌ನಲ್ಲಿ ಸುಮ್ನೆ 'ಸೂಪರ್' ಅಂತ ಬರೆದರೆ ಜಾಸ್ತಿ ಉಪಯೋಗ ಇಲ್ಲ. ಸೆರಗಿನ ಫೋಟೊ ಹಾಕಿ, ಬೆಲೆ ಬರೆಯಿರಿ. ಕೈಮಗ್ಗವೋ ಪವರ್‌ಲೂಮೋ ಅಂತ ಅವರನ್ನೇ ಕೇಳಿ ಬರೆಯಿರಿ. 'ಟ್ಯಾಗ್ ಮಾಡ್ತೀನಿ, ಡಿಸ್ಕೌಂಟ್ ಕೊಡಿ' ಅಂತ ಮಾತ್ರ ಕೇಳಬೇಡಿ. ಅದು ಸಹಾಯ ಅಲ್ಲ, ವ್ಯಾಪಾರ.

ಬ್ಲೌಸ್ ಇನ್ನೂ ಹೊಲಿಸಿಲ್ಲ ಅಂದರೆ ಗುಳೇದಗುಡ್ಡದ ಖಣ (ರವಿಕೆ ಬಟ್ಟೆ) ನೋಡಿ. ಅದೂ ಬಾಗಲಕೋಟೆ ಜಿಲ್ಲೆಯ ನೇಕಾರರದ್ದೇ.